ಕೇಳೋರು ಯಾರಿದಾರೆ

ಮಧ್ಯಾಹ್ನದೊಳಗೆ ಮಕ್ಕಳನ್ನು ಹೂವು ಎಂದವರು ಆರು ಜನ, ದೇವರು ಎಂದವರು ನಾಲ್ವರು, ನಾಡಿನ ಆಸ್ತಿ ಎಂದವರು ಇಬ್ಬರೋ ಮೂವರೋ. ಲೋಕವೆಲ್ಲ ಮಕ್ಕಳ ವರ್ಷವೆಂದು ಘೋಷಿಸಿಕೊಂಡಿದ್ದ ಎಪ್ಪತ್ತೊಂಬತ್ತನೇ ಇಸವಿ ಅದು. ವಿಧಾನಸಭೆಯಲ್ಲೂ ಆ ಬಗ್ಗೆ ಒಂದು ದಿನದ ಚರ್ಚೆ ಇಟ್ಟಿದ್ದರು. ಸಭಾಧ್ಯಕ್ಷರ ಪೀಠದ ಕೆಳಗಿನ ಮೇಜಿನಲ್ಲಿ ಕೂತು, ಆಡಿದ ಮಾತನ್ನೆಲ್ಲ ಶೀಘ್ರಲಿಪಿಯಲ್ಲಿ ಹಿಡಿಯುವ ವರದಿಗಾರ ಆಂಜಿನಯ್ಯನಿಗೆ ಮಾತಿನ ಅರ್ಥದ ಗೊಡವೆ ಇರಲಿಲ್ಲ. ಹತ್ತು ನಿಮಿಷ ಬರೆಯುವುದು, ಎದ್ದು ಮೇಲೆ ಹೋಗಿ ಬೆರಳಚ್ಚು ಮಾಡುವುದು, ಸರದಿ ಬಂದಾಗ ಮತ್ತೆ ಇಳಿಯುವುದು. ಇಂದಿನ ಮಕ್ಕಳೇ ನಾಳಿನ ಪ್ರಜೆಗಳು ಎಂಬ ಮಾತಿಗೆ ಹನ್ನೊಂದು ವರ್ಷದ ನೌಕರಿಯಲ್ಲಿ ಅವನು ಒಂದೇ ಎಳೆತದ ಗುರುತು ಮಾಡಿಕೊಂಡಿದ್ದ. ಸದಸ್ಯರು ‘ಇಂದಿನ’ ಎನ್ನುವಷ್ಟರಲ್ಲಿ ಅವನ ಪೆನ್ಸಿಲು ಪ್ರಜೆಗಳನ್ನು ಮುಗಿಸಿ ಕಾಯುತ್ತಿತ್ತು. ಆದರೆ ಈ ದಿನ ಅವನ ಬೆನ್ನು ಬೆವರುತ್ತಿತ್ತು. ಜೊತೆಯವನೊಬ್ಬ ರಜೆ ಹಾಕಿದ್ದರಿಂದ ಕುರ್ಚಿಗಳು ಅದಲುಬದಲಾಗಿ, ಮಂತ್ರಿಗಳ ಸಾಲು ಅವನ ಎಡಕ್ಕೆ ಬಂದಿತ್ತು. ಅವನ ಎಡಗಿವಿ ಎರಡು ವರ್ಷದಿಂದ ಒಳಗೇ ಮುಚ್ಚಿಕೊಳ್ಳುತ್ತಿದ್ದುದು ಕಚೇರಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಹೆಂಡತಿಗೂ ಗೊತ್ತಿರಲಿಲ್ಲ. ಗೊತ್ತಿದ್ದ ಒಬ್ಬರೇ ಡಾಕ್ಟರು ಕಿವಿಯೊಳಗೆ ಬೆಳಕು ಬಿಟ್ಟು ನೋಡಿ, ‘ಏನು ಕೆಲಸ ನಿಮ್ದು?’ ಎಂದು ಕೇಳಿದಾಗ ಆಂಜಿನಯ್ಯ ಗುಮಾಸ್ತ ಎಂದು ಸುಳ್ಳು ಹೇಳಿ ಬಂದಿದ್ದ.

ನಾಲ್ಕು ಗಂಟೆಯ ಸುಮಾರಿಗೆ ವಿರೋಧ ಪಕ್ಷದ ನಂಜುಂಡಯ್ಯನವರು ಎದ್ದು, ಹೂವಿನ ಮಾತು ಸಾಕು, ಕರೇಕಲ್ಲು ಬಾಲಮಂದಿರದಲ್ಲಿ ಹೋದ ತಿಂಗಳು ವಾಂತಿಭೇದಿಯಾಗಿ ತೀರಿಕೊಂಡ ನಾಲ್ಕು ಹೆಣ್ಣುಮಕ್ಕಳ ಬಗ್ಗೆ ಮಂತ್ರಿಗಳು ಏನು ಹೇಳುತ್ತಾರೆ ಎಂದರು. ಆಗ ಪೆನ್ಸಿಲು ಹಿಡಿದಿದ್ದವನು ಆಂಜಿನಯ್ಯನೇ. ಮಂತ್ರಿಗಳು ಕಾಗದ ನೋಡಿ ಓದಿದರು: ನಾಲ್ಕು ಪ್ರಕರಣಗಳು ವರದಿಯಾಗಿವೆ, ಮೂರು ಪ್ರಕರಣಗಳು ಮೊದಲೇ ದುರ್ಬಲವಾಗಿದ್ದವು. ಬೆಳಗಿನಿಂದ ಹೂವಾಗಿ ದೇವರಾಗಿ ಬಂದ ಮಕ್ಕಳು ಸತ್ತ ಕೂಡಲೇ ಪ್ರಕರಣಗಳಾದದ್ದನ್ನು ಆಂಜಿನಯ್ಯನ ಕೈ ಗಮನಿಸಿತು, ಮನಸ್ಸು ಮುಂದಕ್ಕೆ ಓಡಿತು. ಡಾಕ್ಟರು ಎಷ್ಟು ಹೊತ್ತಿಗೆ ಬಂದರು, ಹಳಸಿದ ಸಾರು ಯಾರು ಬಡಿಸಿದರು ಎಂದು ಆ ಕಡೆಯಿಂದ ಕೂಗು ಎದ್ದಿತು. ಈ ಕಡೆಯವರು ಮೇಜು ಕುಟ್ಟಿದರು. ಮಂತ್ರಿಗಳು ಕಾಗದ ಕೆಳಗಿಟ್ಟು, ಕನ್ನಡಕ ತೆಗೆದು, ಕೆಂಪಾಗಿ ಹೇಳಿದರು: ‘ರೀ ನಂಜುಂಡಯ್ಯನೋರೆ, ಸರ್ಕಾರ ಅನ್ನ ಹಾಕ್ದೇ ಇದ್ರೆ ಇವನ್ನ ಯಾರು ನೋಡ್ತಿದ್ರು? ಇಂಥ ಮಕ್ಕಳು ಸತ್ರೆ ಕೇಳೋರು ಯಾರಿದಾರೆ?’ ಗದ್ದಲದಲ್ಲಿ ಆ ಮಾತು ಮುಳುಗಿತು. ಮುಂದಿನ ಸರದಿಯವನು ಬಂದು ಭುಜ ಮುಟ್ಟಿದ. ಮೇಲೆ ಹೋಗಿ ಆಂಜಿನಯ್ಯ ಕೈಯಲ್ಲಿದ್ದುದನ್ನು ಕೈಯಲ್ಲಿದ್ದ ಹಾಗೇ ಬೆರಳಚ್ಚು ಮಾಡಿದ. ಆ ಸಾಲು ಹೊಡೆಯುವಾಗ ಬೆರಳು ನಿಲ್ಲಲಿಲ್ಲ ಎಂಬುದೇ ಆಮೇಲೆ ಅವನನ್ನು ಬಹಳ ಕಾಡಿತು.

ಮರುದಿನ ಮಂತ್ರಿಗಳ ಕಚೇರಿಯಿಂದ ಬೆರಳಚ್ಚಿನ ಪ್ರತಿ ತಿದ್ದುಪಡಿಯಾಗಿ ವಾಪಸು ಬಂತು. ಪದ್ಧತಿಯಂತೆ ಎಲ್ಲ ಸದಸ್ಯರಿಗೂ ಪ್ರತಿ ಹೋಗುತ್ತದೆ, ವ್ಯಾಕರಣದ ತಪ್ಪು ಕಂಡರೆ ಅವರು ಸರಿಮಾಡಿ ಕಳಿಸುತ್ತಾರೆ. ಈ ಪ್ರತಿಯಲ್ಲಿ ತಿದ್ದಿದ್ದು ಒಂದೇ ಅಕ್ಷರ. ಕೆಂಪು ಶಾಯಿಯಲ್ಲಿ ‘ಸ’ ಹೊಡೆದು ‘ಅ’ ಮಾಡಿದ್ದರು. ಇಂಥ ಮಕ್ಕಳು ಅತ್ರೆ ಕೇಳೋರು ಯಾರಿದಾರೆ? ಅದರ ಮುಂದೆ ಸಣ್ಣ ಅಕ್ಷರದಲ್ಲಿ ಸೇರಿಸಿದ್ದರು: ‘ನಾವೇ. ಈ ಸರ್ಕಾರವೇ.’ ಆಂಜಿನಯ್ಯ ಅದನ್ನು ಎರಡು ಸಲ ಓದಿದ. ಎರಡನೇ ಸಲ ಓದುವಾಗ ಅದು ಎಷ್ಟು ಚೆನ್ನಾಗಿ ಕೂತಿದೆ, ಆಡಬೇಕಾಗಿದ್ದ ಮಾತೇ ಇದು ಎನ್ನುವಷ್ಟು ಚೆನ್ನಾಗಿ ಕೂತಿದೆ ಎನ್ನಿಸಿತು. ಅಷ್ಟರಲ್ಲಿ ಕೆಳಗೆ ಸದನದಲ್ಲಿ ನಂಜುಂಡಯ್ಯನವರು ಎದ್ದು, ಮಂತ್ರಿಗಳು ಆಡಿದ ಮಾತಿಗೆ ಕ್ಷಮೆ ಕೇಳಬೇಕೆಂದು ಪಟ್ಟು ಹಿಡಿದಿದ್ದರು. ಮಂತ್ರಿಗಳು ಅಂಥ ಮಾತು ತಮ್ಮ ಬಾಯಲ್ಲಿ ಬಂದಿಲ್ಲ ಎಂದರು. ಸಭಾಧ್ಯಕ್ಷರು, ನಾಳೆ ಹನ್ನೊಂದಕ್ಕೆ ನನ್ನ ಕೊಠಡಿಯಲ್ಲಿ ವರದಿಗಾರರ ಮೂಲ ಪುಸ್ತಕವನ್ನೇ ನೋಡೋಣ ಎಂದು ತೀರ್ಪು ಕೊಟ್ಟರು.

ವರದಿಗಾರರ ಮುಖ್ಯಸ್ಥರು ಬದರೀನಾರಾಯಣ. ಇಸ್ತ್ರಿ ಮಾಡಿದ ಅಂಗಿ, ಮೇಜಿನ ಮೇಲೆ ಸದಾ ಮುಚ್ಚಿಟ್ಟ ನೀರಿನ ಲೋಟ, ಯಾರ ಮೇಲೂ ಏರದ ದನಿ. ಅವರು ಆಂಜಿನಯ್ಯನನ್ನು ಕರೆದು ಬಾಗಿಲು ಹಾಕಿಸಿದರು.

‘ಪುಸ್ತಕ ತೋರ್ಸಿ.’

ತೋರಿಸಿದ. ತ-ರ ಗೆರೆಯ ತಲೆಗೆ ಸಾಸಿವೆಗಿಂತ ಚಿಕ್ಕದೊಂದು ಸುತ್ತು. ಆ ಸುತ್ತು ಇದ್ದರೆ ಸ. ಇಲ್ಲದಿದ್ದರೆ ಸತ್ರೆ ಹೋಗಿ ಅತ್ರೆ. ಸ್ವರಗಳನ್ನು ಓಡುವ ಕೈ ಯಾವತ್ತೂ ಬಿಟ್ಟೇ ಬಿಡುತ್ತದೆ.

‘ಇದು ಪೆನ್ಸಿಲ್ ಮೊನೆ ಜಾರಿದ್ದಲ್ವೇ?’

‘ಸಾರ್, ಮಂತ್ರಿಗಳು ಹೇಳಿದ್ದು...’

‘ಏನು ಹೇಳಿದ್ರು ಅಂತ ನಾನು ಕೇಳ್ಲಿಲ್ಲ ಆಂಜಿನಯ್ಯನೋರೆ. ಇದು ಮೊನೆ ಜಾರಿದ್ದಾ ಅಂತ ಕೇಳ್ದೆ.’ ಅವರು ಡ್ರಾಯರು ಎಳೆದು ಒಂದು ರಬ್ಬರು ತೆಗೆದು, ಪುಸ್ತಕದ ಪಕ್ಕದಲ್ಲಿ ಮೆಲ್ಲಗೆ ಇಟ್ಟರು. ಆಮೇಲೆ ಕುರ್ಚಿಯಿಂದೆದ್ದು, ಆಂಜಿನಯ್ಯನ ಎಡಗಡೆಯ ಕಿಟಕಿಗೆ ನಡೆದು, ಬೆನ್ನು ತಿರುಗಿಸಿ ನಿಂತು ಏನೋ ಹೇಳಿದರು. ಆಂಜಿನಯ್ಯನಿಗೆ ಕೇಳಿಸಲಿಲ್ಲ. ಅವರು ತಿರುಗಿ ನೋಡಿದರು. ಆ ನೋಟದಲ್ಲಿ ಅವರಿಗೆ ಬಹಳ ದಿನದಿಂದ ಗೊತ್ತಿತ್ತು ಎಂಬುದು ಆಂಜಿನಯ್ಯನಿಗೆ ಗೊತ್ತಾಯಿತು.

‘ಇದನ್ನೇ ನಾನು ಹೇಳ್ತಿದ್ದುದು,’ ಎಂದರು ಬದರೀನಾರಾಯಣ, ಈಗ ಎದುರಿಗೆ ಬಂದು, ತುಟಿ ಬಿಡಿಸಿ, ಮಗುವಿಗೆ ಹೇಳುವ ಹಾಗೆ. ‘ನಿಮ್ಮ ಜನದಲ್ಲಿ ಈ ಮೇಜಿಗೆ ಬಂದ ಮೊದಲ್ನೇ ಮನುಷ್ಯ ನೀವು. ನಾನೇ ಶಿಫಾರಸು ಮಾಡ್ದೋನು. ಕಿವಿ ಮಂದ ಇರೋ ವರದಿಗಾರನ್ನ ಎರಡು ವರ್ಷ ಸಾಕಿದೀನಿ ಅಂತ ಹೊರಗೆ ಗೊತ್ತಾದ್ರೆ ನನಗೂ ಮರ್ಯಾದೆ ಅಲ್ಲ, ನಿಮಗೂ ಅಲ್ಲ. ಪುಸ್ತಕ ಮನೆಗೆ ತಗೊಂಡ್ಹೋಗಿ. ಯೋಚ್ನೆ ಮಾಡಿ.’

ಪುಸ್ತಕ ಮನೆಗೆ ತೆಗೆದುಕೊಂಡು ಹೋಗುವುದು ಪದ್ಧತಿಯಲ್ಲ. ಬಸ್ಸಿನಲ್ಲಿ ಅದನ್ನು ಅಂಗಿಯೊಳಗೆ ಹೊಟ್ಟೆಗೆ ಒತ್ತಿ ಹಿಡಿದು ನಿಂತಿದ್ದ ಆಂಜಿನಯ್ಯನಿಗೆ ತಾನು ಏನನ್ನೋ ಕದ್ದು ಸಾಗಿಸುತ್ತಿದ್ದೇನೆ, ಪಕ್ಕದವನು ಅದನ್ನೇ ನೋಡುತ್ತಿದ್ದಾನೆ ಅನ್ನಿಸಿತು. ಮಕ್ಕಳ ಕೂಟದ ಪಾರ್ಕಿನ ಹತ್ತಿರ ಇಳಿದರೆ ಒಳಗೆ ಉಯ್ಯಾಲೆಗಳ ಸುತ್ತ ಸಂಜೆಯ ಕಿರುಚಾಟ. ಬಲಗಿವಿ ಆ ಕಡೆಗಿದ್ದಾಗ ಇತ್ತು, ಎಡಗಿವಿ ಆ ಕಡೆಗಾದಾಗ ಯಾರೋ ಬಾಗಿಲು ಹಾಕಿದ ಹಾಗೆ ದೂರವಾಯಿತು. ಫುಟ್‌ಪಾತಿನ ಮೇಲೆ ನಿಂತು ಅವನು ತಲೆಯನ್ನು ಹಾಗೂ ಹೀಗೂ ತಿರುಗಿಸಿದ. ಸತ್ರೆ. ಅತ್ರೆ. ಮಂತ್ರಿಗಳ ತುಟಿಯನ್ನು ನೆನಪು ಮಾಡಿಕೊಂಡ. ಆದರೆ ಆಗ ತಾನು ತುಟಿ ನೋಡಿರಲಿಲ್ಲ, ಪುಸ್ತಕ ನೋಡುತ್ತಿದ್ದ. ಎಡಗಿವಿಗೆ ಬಿದ್ದ ಮಾತು. ಕೈ ಬರೆದದ್ದು ಕಿವಿ ಕೇಳಿದ್ದನ್ನೋ, ಅಥವಾ ನಾಲ್ಕು ಸಾವಿನ ಮಾತು ಆಗತಾನೇ ಆಗಿದ್ದರಿಂದ ಕೈಯೇ ಮುಂದಾಗಿ, ಪ್ರಜೆಗಳನ್ನು ಮೊದಲೇ ಬರೆದು ಕಾಯುತ್ತಿದ್ದಂತೆ, ಸಾವನ್ನೂ ಬರೆದುಬಿಟ್ಟಿತೋ? ಹಾಗೆ ಆಗಿದ್ದರೆ ಒಳ್ಳೆಯದಲ್ಲವೇ ಎಂದುಕೊಂಡ. ಹಾಗೆ ಆಗಿರಲಿ ಎಂದು ಆಸೆಪಟ್ಟ. ಬಳೇಪೇಟೆಯ ಮಹಡಿಯ ಮೇಲೆ ಶೀಘ್ರಲಿಪಿ ಕಲಿಸುತ್ತಿದ್ದ ಮೇಷ್ಟ್ರು ಮೊದಲ ದಿನವೇ ಗದರಿದ್ದರು: ಏನು ಕೇಳಬೇಕು ಅಂತ ನೀನು ತೀರ್ಮಾನ ಮಾಡ್ಬೇಡ ಕಣಯ್ಯ, ಕೇಳು.

ಮನೆಯಲ್ಲಿ ಹೆಂಡತಿ ನಾರಾಯಣಮ್ಮ ಸೀರೆ ಉಟ್ಟು ಕಾಯುತ್ತಿದ್ದಳು. ತಂಗಿಯ ಸೀಮಂತಕ್ಕೆ ಬಳೆ ತರಲು ಹೋಗಬೇಕಾಗಿತ್ತು. ‘ಸುಗುಣನ್ನ ನೋಡ್ಕೊಳ್ಳಿ, ಏಳು ಗಂಟೆಯೊಳಗೆ ಬಂದ್ಬಿಡ್ತೀನಿ,’ ಎಂದು ಹೊರಟಳು. ಆರು ವರ್ಷದ ಮಗಳು ಸುಗುಣ ಹಿತ್ತಿಲ ಕಡೆ ಓಡಿದಳು. ಆಂಜಿನಯ್ಯ ನಡುಮನೆಯಲ್ಲಿ ಕೂತು, ಪುಸ್ತಕ ತೆರೆದು, ಬಲಗೈಗೆ ತಲೆಯಾನಿಸಿ ಆ ಸುತ್ತನ್ನು ನೋಡತೊಡಗಿದ. ನೋಡಿದಷ್ಟೂ ಅದು ಒಮ್ಮೆ ಸುತ್ತಾಗಿ, ಒಮ್ಮೆ ಮೊನೆಯ ಚುಕ್ಕೆಯಾಗಿ, ಒಮ್ಮೆ ಏನೂ ಅಲ್ಲವಾಗಿ ಕಂಡಿತು. ಸುಗುಣಳ ರಬ್ಬರು ಚಾಪೆಯ ಮೇಲೆ ಬಿದ್ದಿತ್ತು, ಒಂದು ಕಡೆ ಕಡಿದು ಹಾಕಿದ್ದಳು. ಅದನ್ನು ಎತ್ತಿಕೊಂಡ. ಬದರೀನಾರಾಯಣರ ಕೈಯ ರಬ್ಬರಿನಿಂದ ಅಳಿಸುವುದಕ್ಕಿಂತ ಇದರಿಂದ ಅಳಿಸುವುದು ಹೆಚ್ಚಿನ ತಪ್ಪೋ ಕಡಮೆ ತಪ್ಪೋ ಎಂಬ ಹುಚ್ಚು ಯೋಚನೆ ಬಂತು. ಕಾಗದಕ್ಕೆ ಇನ್ನೇನು ಮುಟ್ಟಿಸಬೇಕು, ನೆರಳೊಂದು ಅಡ್ಡ ಬಂದು ತಲೆ ಎತ್ತಿದರೆ ಪಕ್ಕದ ಮನೆಯ ಕಮಲಮ್ಮ, ಕಂಕುಳಲ್ಲಿ ಸುಗುಣ. ಮಗುವಿನ ಮುಖವೆಲ್ಲ ಕಣ್ಣೀರು, ಗೊಣ್ಣೆ. ಕೈಯ ಗೆಣ್ಣುಗಳು ಕಿತ್ತು ರಕ್ತ ಒಸರುತ್ತಿತ್ತು.

‘ಏನ್ರೀ ಆಂಜಿನಯ್ಯನೋರೆ! ಬಚ್ಚಲಮನೆ ಚಿಲ್ಕ ಒಳಗಿಂದ ಸಿಕ್ಕಾಕ್ಕೊಂಡು ಮಗು ಅರ್ಧ ಗಂಟೆಯಿಂದ ಬಾಗ್ಲು ಬಡೀತಾ ಇತ್ತು. ಬೀದಿಗೆಲ್ಲಾ ಕೇಳಿಸ್ತು, ನಾನು ಹಿತ್ತಿಲಿಂದ ಬಂದು ದಬ್ಬಿ ತೆಗ್ದೆ. ನಿಮಗೆ ಕೇಳಿಸ್ಲಿಲ್ವಾ?’

ಬಲಗಿವಿಯಿಂದ ಕೈ ತೆಗೆದ. ಆಗ ಮಗುವಿನ ಬಿಕ್ಕು, ಹೊರಗಿನ ನಲ್ಲಿ, ಕಮಲಮ್ಮನ ಉಸಿರು ಎಲ್ಲ ಒಟ್ಟಿಗೆ ಒಳನುಗ್ಗಿದವು. ಸುಗುಣ ಅವನ ಹತ್ತಿರ ಬರಲಿಲ್ಲ. ಕಮಲಮ್ಮನ ಕತ್ತಿಗೆ ಜೋತುಬಿದ್ದು, ಅವನನ್ನು ಹೊಸಬನನ್ನು ನೋಡುವ ಹಾಗೆ ನೋಡಿ ಕೇಳಿದಳು: ‘ನಾನು ಅಪ್ಪಾ ಅಪ್ಪಾ ಅಂತ ಅತ್ತೆ. ನೀನು ಇಲ್ಲೇ ಇದ್ಯಾ?’

ಬಳೆ ತಂದ ನಾರಾಯಣಮ್ಮನಿಗೆ ಎಲ್ಲವನ್ನೂ ಹೇಳಬೇಕಾಯಿತು. ಕಿವಿಯ ವಿಷಯ, ಡಾಕ್ಟರ ವಿಷಯ, ಕೆಂಪು ಶಾಯಿಯ ಒಂದು ಅಕ್ಷರದ ವಿಷಯ. ಅವಳು ಮಗುವಿನ ಗೆಣ್ಣಿಗೆ ಅರಿಸಿನ ಎಣ್ಣೆ ಹಚ್ಚುತ್ತ ತಲೆಯೆತ್ತದೆ ಕೇಳಿದಳು. ಕಿವಿಯ ಮಾತಿಗೆ ಅವಳು ಅತ್ತಾಳು ಎಂದುಕೊಂಡಿದ್ದ. ಅಳಲಿಲ್ಲ. ‘ಅವ್ರು ಅಂದ್ರೇನು, ಬಿಟ್ರೇನು. ಸತ್ತೋವು ಸತ್ತೋದ್ವು,’ ಎಂದಳು. ‘ಇಲ್ಲಿರೋದನ್ನ ನೋಡ್ಕೊಳ್ಳಿ. ನಿಮ್ಮ ಕೆಲಸ ಹೋದ್ರೆ ನಾಳೆ ಇವಳನ್ನೂ ಅಂಥ ಕಡೆನೇ ಬಿಡ್ಬೇಕಾಗತ್ತೆ.’ ಹೇಳಿದ ಮೇಲೆ ತನ್ನ ಮಾತಿಗೆ ತಾನೇ ಹೆದರಿದವಳಂತೆ ಮಗುವಿನ ತಲೆಯನ್ನು ಎದೆಗೊತ್ತಿಕೊಂಡಳು. ಆಂಜಿನಯ್ಯ ಪುಸ್ತಕ ಮುಚ್ಚಿದ. ರಬ್ಬರು ಮುಟ್ಟಿಸಿರಲಿಲ್ಲ. ಮುಟ್ಟಿಸದೆ ಉಳಿದದ್ದು ಧೈರ್ಯದಿಂದಲ್ಲ ಎಂದೂ ಗೊತ್ತಿತ್ತು.

ಮಾರನೆಯ ದಿನ ಹನ್ನೊಂದಕ್ಕೆ ಸಭಾಧ್ಯಕ್ಷರ ಕೊಠಡಿ. ಕಾಲ ಕೆಳಗೆ ಮೆತ್ತನೆಯ ಜಮಖಾನ, ನಡೆದರೆ ತನ್ನ ಹೆಜ್ಜೆಯ ಸದ್ದೂ ತನಗಿಲ್ಲ. ಮಂತ್ರಿಗಳು ಕಾಫಿ ಕುಡಿಯುತ್ತಿದ್ದರು. ನಂಜುಂಡಯ್ಯನವರು ಕುಡಿಯದೆ ಲೋಟ ಹಿಡಿದು ಕೂತಿದ್ದರು. ಬದರೀನಾರಾಯಣ ಗೋಡೆಯ ಪಕ್ಕ ಕೈಕಟ್ಟಿ ನಿಂತಿದ್ದರು. ಆಂಜಿನಯ್ಯನಿಗೆ ಕೂತುಕೊಳ್ಳಲು ಯಾರೂ ಹೇಳಲಿಲ್ಲ. ‘ಓದಿ,’ ಎಂದರು ಸಭಾಧ್ಯಕ್ಷರು. ಅವನು ಓದಿದ. ‘ಸರ್ಕಾರ ಅನ್ನ ಹಾಕದೇ ಇದ್ದರೆ ಇವನ್ನು ಯಾರು ನೋಡ್ತಿದ್ರು. ಇಂಥ ಮಕ್ಕಳು...’ ಅಲ್ಲಿ ನಿಲ್ಲಿಸಿದ. ಕೊಠಡಿಯಲ್ಲಿ ಫ್ಯಾನು ತಿರುಗುತ್ತಿತ್ತು. ಆ ಸುತ್ತು ಕಾಗದದ ಮೇಲೆ ಈಗ ನಿಚ್ಚಳವಾಗಿ ಕಂಡಿತು, ಚುಕ್ಕೆಯೂ ಅಲ್ಲ, ಜಾರಿದ್ದೂ ಅಲ್ಲ, ತನ್ನ ಕೈ ಬರೆದ ಸ. ಅದು ಕಂಡ ಕ್ಷಣದಲ್ಲೇ ಆ ಮಾತು ಕಿವಿಗೆ ಮತ್ತೆ ಬಿತ್ತು, ಮಂತ್ರಿಗಳ ದನಿಯ ಸಿಟ್ಟಿನೊಂದಿಗೆ, ಗದ್ದಲದೊಂದಿಗೆ, ಯಾವ ಸಂಶಯಕ್ಕೂ ಎಡೆಯಿಲ್ಲದೆ. ಮಂತ್ರಿಗಳು ಅವನನ್ನೇ ನೋಡುತ್ತಿದ್ದರು. ಕೋಪವಿರಲಿಲ್ಲ, ಅವರಿಗೂ ಹೆದರಿಕೆಯಿತ್ತು, ಖಾಲಿಯಾದ ಲೋಟವನ್ನೇ ಮತ್ತೆ ಬಾಯಿಗೆ ಎತ್ತುತ್ತಿದ್ದರು. ಅದನ್ನು ನೋಡಿದ್ದೇ ಆಂಜಿನಯ್ಯನ ಹೆದರಿಕೆ ನೂರ್ಮಡಿಯಾಯಿತು. ಹೆದರಿದ ದೊಡ್ಡವರು ಏನು ಬೇಕಾದರೂ ಮಾಡುತ್ತಾರೆ.

‘ಸ್ವಾಮಿ,’ ಎಂದ, ‘ನನ್ನ ಎಡಗಿವಿ ಕೇಳಿಸಲ್ಲ. ಎರಡು ವರ್ಷ ಆಯ್ತು. ಹೇಳಿರ್ಲಿಲ್ಲ. ಆವತ್ತು ಮಂತ್ರಿಗಳು ನನ್ನ ಎಡಕ್ಕಿದ್ರು.’

ಸುಳ್ಳು ಒಂದೂ ಇರಲಿಲ್ಲ ಅದರಲ್ಲಿ. ಎರಡು ವರ್ಷ ಪ್ರಾಣದ ಹಾಗೆ ಬಚ್ಚಿಟ್ಟಿದ್ದನ್ನು ಒಂದು ಉಸಿರಿಗೆ ಎದುರಿಗೆ ಚೆಲ್ಲಿ, ಅದರ ಹಿಂದೆ ಅವನು ಅಡಗಿಕೊಂಡ. ಸಭಾಧ್ಯಕ್ಷರು ಕೆಂಪು ಶಾಯಿಯ ತಿದ್ದುಪಡಿಯನ್ನು ಒಪ್ಪಿಕೊಂಡರು. ಮಂತ್ರಿಗಳು ಎದ್ದು ಬಂದು ಅವನ ಭುಜ ತಟ್ಟಿ, ‘ಪಾಪ, ಮಕ್ಕಳೊಂದಿಗ. ಕೆಲಸ ತೆಗೀಬೇಡ್ರಪ್ಪಾ, ಬೇರೆ ಕಡೆ ಹಾಕಿ,’ ಎಂದರು. ಆಂಜಿನಯ್ಯ ಕೈಮುಗಿದ. ಕೈ ತಾನಾಗಿ ಮುಗಿದುಕೊಂಡಿತು. ಹೊರಗೆ ಹೋಗುವಾಗ ನಂಜುಂಡಯ್ಯನವರು ಬಾಗಿಲಲ್ಲಿ ಒಂದು ಗಳಿಗೆ ನಿಂತು, ಬೈಯುತ್ತಾರೆಂದುಕೊಂಡರೆ, ‘ಬಲಗಿವಿನಾದ್ರೂ ಡಾಕ್ಟರಿಗೆ ತೋರಿಸ್ಕೊಳ್ರೀ’ ಎಂದಷ್ಟೇ ಅಂದು ಹೊರಟುಹೋದರು.

ಅವನನ್ನು ನೆಲಮಹಡಿಯ ದಾಖಲೆ ಕೋಣೆಗೆ ಹಾಕಿದರು. ಹಳೆಯ ಚರ್ಚೆಗಳ ದಪ್ಪ ಸಂಪುಟಗಳು, ಧೂಳು, ಒಂದೇ ಕಿಟಕಿ. ಇಲ್ಲಿ ಯಾರೂ ಮಾತಾಡುವುದಿಲ್ಲ, ಆದ್ದರಿಂದ ಕಿವಿಯ ಭಯ ಇರಬಾರದಾಗಿತ್ತು. ಆದರೆ ಭಯ ಕಿವಿಯಿಂದ ಕಳಚಿಕೊಂಡು ಬೇರೆ ಕಡೆಗೆಲ್ಲ ಹಬ್ಬಿತ್ತು. ಜವಾನ ಹಿಂದೆ ಬಂದು ನಿಂತರೆ ಬೆಚ್ಚಿಬೀಳುತ್ತಿದ್ದ. ಸುಗುಣ ಬಚ್ಚಲಿಗೆ ಹೋದರೆ ಬಾಗಿಲಿಗೆ ಬಲಗಿವಿ ಒತ್ತಿ ನಿಲ್ಲುತ್ತಿದ್ದ. ‘ಹೋಗಪ್ಪ, ನಾಚ್ಕೆ ಆಗತ್ತೆ’ ಎಂದು ಅವಳು ಒಳಗಿಂದ ಕೂಗಿದರೂ ಕದಲುತ್ತಿರಲಿಲ್ಲ. ಮೂರು ವಾರ ಹೀಗೆ ಹೋಯಿತು.

ಒಂದು ಮಧ್ಯಾಹ್ನ ಬಾಗಿಲಲ್ಲಿ ಒಬ್ಬ ಹೆಂಗಸು ನಿಂತಿದ್ದಳು. ಮೂವತ್ತೋ ನಲವತ್ತೋ ಹೇಳಲಾಗದ ವಯಸ್ಸು, ಸುಣ್ಣ ತಿಂದು ಬಿರಿದ ಕಾಲು, ಗಾರೆ ಕೆಲಸದವಳು. ಚಪ್ಪಲಿಯನ್ನು ಹೊರಗೆ ಬಿಟ್ಟು ಒಳಗೆ ಬಂದು, ಕೂರದೆ, ಹೇಳಿದಳು: ‘ನನ್ನ ಎಸ್ರು ಮುನಿಯಕ್ಕ. ಕರೇಕಲ್ಲಾಗೆ ನನ್ನ ಮಗ್ಳು ಸತ್ಲು. ನಂಜುಂಡಯ್ಯನೋರು ಹೇಳಿದ್ರು, ಅವತ್ತು ಬರ್ಕೊಂಡೋರು ನೀವೇ ಅಂತ.’

ಆಂಜಿನಯ್ಯ ಎದ್ದು ನಿಂತ. ಇಂಥ ಮಕ್ಕಳು ಎಂದಾಗ ಅವನೂ ಅಪ್ಪ ಅಮ್ಮ ಇಲ್ಲದ ಮಕ್ಕಳು ಎಂದೇ ಅಂದುಕೊಂಡಿದ್ದ. ‘ಕೂತ್ಕೊಳ್ಳಿ’ ಎಂದ. ಅವಳು ಕೂರಲಿಲ್ಲ.

‘ಗಂಡ ಸತ್ಮೇಲೆ ಕೆಲ್ಸದ ತಾವ ಮಗೀನ ಎಲ್ಲಿ ಮಲಗಿಸ್ಲಿ ಅಂತ ಅಲ್ಲಿ ಬಿಟ್ಟಿದ್ದೆ. ಅವತ್ತು ನಾನೂ ಇದ್ದೆ ಸ್ವಾಮಿ, ಮ್ಯಾಲೆ, ಜನ ಕೂರ್ತಾರಲ್ಲ ಅಲ್ಲಿ. ಅವರೇ ಪಾಸು ಕೊಡ್ಸಿದ್ರು. ಸೋಮವಾರ ಮಕ್ಳು ಸತ್ತಿದ್ದುಕ್ಕೆ ಎನ್‌ಕ್ವೈರಿ ಸಾಹೇಬ್ರು ಬತ್ತಾರಂತೆ. ಮಂತ್ರಿ ಅಂಗೆ ಅಂದೇ ಇಲ್ಲ, ಪುಸ್ತಕದಾಗೆ ಬ್ಯಾರೆ ಐತೆ ಅಂತಾರೆ.’

‘ಅಮ್ಮಾ, ನನ್ನ ಕಿವಿ...’

‘ಗೊತ್ತು. ಎಲ್ಲಾ ಹೇಳಿದ್ರು.’ ಅವಳು ಅವನ ಮುಖವನ್ನೇ ನೋಡುತ್ತಿದ್ದಳು, ಬೇಡುವ ಹಾಗಲ್ಲ. ‘ಅವ್ರು ಏನಂದ್ರು ಅಂತ ನಾನು ಕೇಳಕ್ಕೆ ಬಂದಿಲ್ಲ. ನಾನು ಕೇಳ್ಸ್ಕೊಂಡೆ. ನಿಮಗೆ ಕೇಳುಸ್ತೋ ಇಲ್ವೋ, ಅದೊಂದು ಹೇಳಿ.’

ಕಿಟಕಿಯ ಹೊರಗೆ ತೋಟದವನು ಹುಲ್ಲಿಗೆ ನೀರು ಬಿಡುತ್ತಿದ್ದ. ಇಲ್ಲಮ್ಮ ಎಂದರೆ ಮುಗಿಯುತ್ತಿತ್ತು. ಆ ಮಾತು ನಾಲಿಗೆಯ ತುದಿಗೆ ಬಂದು ನಿಂತೂ ಇತ್ತು. ಅವನು ಸಂಪುಟಗಳ ಕಪಾಟನ್ನು ಹಿಡಿದುಕೊಂಡ.

‘ಕೇಳಿಸ್ತು,’ ಎಂದ.

ಅವಳು ತಲೆಯಾಡಿಸಿದಳು, ತನ್ನ ಕೂಲಿಯ ಲೆಕ್ಕ ಸರಿ ಎಂದು ಒಪ್ಪಿದ ಮೇಸ್ತ್ರಿಗೆ ತಲೆಯಾಡಿಸುವಷ್ಟೇ. ‘ಅಂಗಾರೆ ಬರ್ಕೊಡಿ.’

ಕಾಗದ ತೆಗೆದ. ಶೀಘ್ರಲಿಪಿಗೆ ಒಗ್ಗಿದ ಕೈಗೆ ಪೂರ್ತಿ ಅಕ್ಷರಗಳನ್ನು ಬರೆಯುವುದು ಬಹಳ ನಿಧಾನವೆನಿಸಿತು; ಒಂದೊಂದು ಅಕ್ಷರ ಮುಗಿಯುವಾಗಲೂ ಇಲ್ಲಿಗೇ ನಿಲ್ಲಿಸಬಹುದು ಎನ್ನಿಸುತ್ತಿತ್ತು. ಸುಗುಣಳ ಶಾಲೆ, ಮನೆಯ ಬಾಡಿಗೆ, ಭುಜ ತಟ್ಟಿದ ಆ ದಪ್ಪ ಕೈ ಸಾಲಾಗಿ ಬಂದವು. ದಿನಾಂಕ ಹಾಕಿದ. ಮಂತ್ರಿಗಳ ಮಾತನ್ನು ಹಾಗೇ ಬರೆದ, ಸ ಸಮೇತ. ನನ್ನ ಬಲಗಿವಿ ಸರಿಯಾಗಿದೆ, ನಾನು ಇದನ್ನು ಕೇಳಿದ್ದೇನೆ ಎಂದು ಬರೆದ. ‘ನಾಲ್ಕು ಪ್ರಕರಣ’ ಎಂದು ಬರೆಯಹೋಗಿ ನಿಲ್ಲಿಸಿ, ‘ಮಗಳ ಹೆಸರೇನಮ್ಮ?’ ಎಂದು ಕೇಳಿದ. ಸದನದ ಆ ಎರಡು ದಿನದ ಗದ್ದಲದಲ್ಲಿ ಒಬ್ಬರ ಬಾಯಲ್ಲೂ ಆ ನಾಲ್ವರ ಹೆಸರು ಬಂದಿರಲಿಲ್ಲ, ನಂಜುಂಡಯ್ಯನವರ ಬಾಯಲ್ಲೂ.

‘ಪಿಳ್ಳಮ್ಮ. ಅಲ್ಲಿ ಸರೋಜ ಅಂತ ಬರ್ಸಿದ್ದೆ, ಇಸ್ಕೂಲ್ಗೆ ಚೆನ್ನಾಗಿರ್ಲಿ ಅಂತ. ಎರಡೂ ಬರೀರಿ.’

ಎರಡೂ ಬರೆದ. ಕೆಳಗೆ ತನ್ನ ಪೂರ್ತಿ ಹೆಸರು, ಹುದ್ದೆ, ಸಹಿ. ಅವಳು ಕಾಗದವನ್ನು ನಾಲ್ಕು ಮಡಿಕೆ ಮಾಡಿ ಎಲೆಯಡಿಕೆಯ ಸಂಚಿಗೆ ಹಾಕಿಕೊಂಡು, ಕೈಮುಗಿಯದೆ, ಒಳ್ಳೆಯದಾಗಲಿ ಎಂದೂ ಹೇಳದೆ, ಚಪ್ಪಲಿ ಮೆಟ್ಟಿ ಹೊರಟಳು. ಅವಳು ಕಾರಿಡಾರಿನ ತುದಿ ತಿರುಗುವವರೆಗೂ ಆಂಜಿನಯ್ಯ ನೋಡಿದ. ಓಡಿಹೋಗಿ ಕಿತ್ತುಕೊಳ್ಳಬೇಕೆನಿಸಿತು. ಕಾಲು ನಿಜವಾಗಿಯೂ ಎರಡು ಹೆಜ್ಜೆ ಮುಂದಿಟ್ಟಿತು. ಅಷ್ಟರಲ್ಲಿ ಅದೇ ತಿರುವಿನಿಂದ ಬದರೀನಾರಾಯಣ ಬಂದರು, ಆ ಹೆಂಗಸು ಹೋದ ದಾರಿಯನ್ನು ತಿರುಗಿ ತಿರುಗಿ ನೋಡುತ್ತ.

‘ಯಾರ್ರೀ ಅದು, ಬಂದಿದ್ದು?’

ಯಾರೂ ಇಲ್ಲ ಸಾರ್, ದಾರಿ ತಪ್ಪಿ ಬಂದೋಳು ಎಂಬ ಉತ್ತರ ಸಿದ್ಧವಾಗಿತ್ತು.

‘ಸತ್ತ ಮಗುವಿನ ತಾಯಿ,’ ಎಂದ ಆಂಜಿನಯ್ಯ.

ಬದರೀನಾರಾಯಣ ನಿಂತರು. ಮುಖದ ಮೇಲೆ ಏನೂ ಕಾಣಿಸಲಿಲ್ಲ. ಮೆಲ್ಲಗೆ, ತಲೆ ಒಂದಿಷ್ಟು ಓರೆ ಮಾಡಿ, ‘ಏನಂದ್ರಿ? ಕೇಳಿಸ್ಲಿಲ್ಲ,’ ಎಂದರು.

ಆಂಜಿನಯ್ಯ ಅವರ ಹತ್ತಿರ ಹೋಗಿ, ಇನ್ನೊಂದು ಸಲ, ಜೋರಾಗಿ ಹೇಳಿದ.